ಈವಾನ್ ಪಾವ್ಲೋವ್

ಹುಣಸೆಹಣ್ಣಿನ ಹೆಸರನ್ನು ಕೇಳಿದೊಡನೆ ನಮ್ಮ ಬಾಯಲ್ಲಿ ನೀರೂರುತ್ತದೆ. ಹಣ್ಣು ನಾಲಗೆಗೆ ತಾಗಿರುವುದಿಲ್ಲ. ಕಿವಿಗೆ ಬಿದ್ದುದು ಬರಿಯ ಮಾತು. ಮಾತಿಗೂ ರುಚಿಗೂ ಈ ನಂಟು ಬೆಳೆಯುವುದು ಹೇಗೆ? ಇಂತಹ ಪ್ರಶ್ನೆಗೆ ತಮ್ಮ ಬಾಳಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಮುಡಿಪಾಗಿಟ್ಟ ಮಹನೀಯರೇ ರಷ್ಯಾ ದೇಶದ ಈವಾನ್ ಪಾವ್ಲೋವರು.

ಪಾವ್ಲೋವರು 1849ರ ಸೆಪ್ಟೆಂಬರಿನಲ್ಲಿ ರ್ಯಾಜಾನ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಎಳೆಯತನದಲ್ಲಿ ಎತ್ತರದಿಂದ ಬಿದ್ದು ಪೆಟ್ಟಾದುದರಿಂದ ಅವರ ಶಾಲಾಭ್ಯಾಸವು ತಡವಾಗಿ ಆರಂಭವಾಯಿತು. ಪಾದ್ರಿಯಾಗಲೆಂದು ಓದುತ್ತಿದ್ದವರು ವಿಜ್ಞಾನದ ಸೆಳೆತಕ್ಕೆ ಒಳಗಾಗಿ 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಬಡತನವನ್ನು ಲೆಕ್ಕಿಸದೆ ಜೀರ್ಣಕ್ರಿಯೆಯ ಸಂಶೋಧನೆಯಲ್ಲಿ ತೊಡಗಿ, 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಆ ಸಂಶೋಧನೆಯ ಕಾಲದಲ್ಲಿಯೇ ಒಂದು ತೊಡಕು ಕಾಣಿಸಿಕೊಂಡಿತ್ತು. ಆಹಾರವು ಬಾಯಿಗೆ ಬೀಳುವ ಮೊದಲೇ, ಉಣಿಸುವವನನ್ನು ಕಂಡ ಮಾತ್ರಕ್ಕೆ, ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ಬೇರೆಯವರಾಗಿದ್ದರೆ ಇದನ್ನು ಅಡ್ಡಿಯೆಂದು ಬದಿಗೊತ್ತುತ್ತಿದ್ದರೇನೋ. ಪಾವ್ಲೋವರಾದರೋ, ಐವತ್ತು ದಾಟಿದ ವಯಸ್ಸಿನಲ್ಲಿ ಕೀರ್ತಿ ತಂದ ಹಾದಿಯನ್ನು ಬಿಟ್ಟು, ಈ ಅಡ್ಡಿಯನ್ನೇ ಬೆನ್ನುಹತ್ತಿದರು.

ತಾಳ ಹಾಕುವ ಮೆಟ್ರೊನೋಮ್ ಯಂತ್ರದ ಸದ್ದನ್ನು ನಾಯಿಗೆ ಕೇಳಿಸಿ, ಒಡನೆಯೇ ಆಹಾರವನ್ನು ಕೊಡುತ್ತಿದ್ದರು. ಕೆನ್ನೆಯಲ್ಲಿ ಮಾಡಿದ ಸಣ್ಣ ರಂಧ್ರದಿಂದ ಹೊರಬರುವ ಜೊಲ್ಲಿನ ಹನಿಗಳನ್ನು ಎಣಿಸುತ್ತಿದ್ದರು. ಹಲವು ಸಲ ಹೀಗಾದ ಮೇಲೆ ಬರಿಯ ಸದ್ದಿಗೇ ಜೊಲ್ಲು ಸುರಿಯತೊಡಗಿತು. ಆಹಾರವಿಲ್ಲದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ ಹನಿಗಳು ಕಡಮೆಯಾಗುತ್ತ ನಿಂತುಹೋಗುತ್ತಿದ್ದವು. ಕೆಲಕಾಲ ಕಳೆದರೆ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಹೀಗೆ ಅನುಭವದಿಂದ ಮೂಡುವುದಕ್ಕೆ ಅನುಬಂಧಿತ ಪ್ರತಿಕ್ರಿಯೆಯೆಂದು ಹೆಸರು.

1924ರಲ್ಲಿ, ಲೆನಿನ್‌ಗ್ರಾಡ್ ಎಂಬ ಹೊಸ ಹೆಸರನ್ನು ಪಡೆದಿದ್ದ ಅದೇ ನಗರಕ್ಕೆ ಮಹಾಪೂರವು ನುಗ್ಗಿತು. ನಾಯಿಗಳನ್ನು ಬಹು ಕಷ್ಟದಿಂದ ಪಾರುಮಾಡಿದರು. ಆದರೆ ಕೆಲವು ನಾಯಿಗಳಿಗೆ ಕಲಿತುದೆಲ್ಲವೂ ಮರೆತುಹೋಗಿತ್ತು. ಹಾಗೆ ಮರೆತ ನಾಯಿಯೊಂದು ತಾಳ್ಮೆಯ ಆರೈಕೆಯಿಂದ ಮೊದಲಿನಂತಾದ ಮೇಲೆ, ಪಾವ್ಲೋವರು ಬಾಗಿಲಿನ ಕೆಳಗಿಂದ ತುಸು ನೀರನ್ನು ಹರಿಸಿ ನೋಡಿದರು. ಅಷ್ಟಕ್ಕೇ ನಾಯಿಯು ಕಂಗೆಟ್ಟು, ಕಲಿಕೆಯನ್ನು ಮತ್ತೆ ಕಳೆದುಕೊಂಡಿತು. ಪಾಠವನ್ನು ಮರೆತ ನಾಯಿಯು ಭಯವನ್ನು ಮರೆತಿರಲಿಲ್ಲ.

ಈ ವಿದ್ಯೆಗಾಗಿ ಮೂಕಪ್ರಾಣಿಗಳು ತೆತ್ತ ಬೆಲೆಯು ಸಣ್ಣದಲ್ಲ. ಪಾವ್ಲೋವರು ಬದುಕಿದ್ದಾಗಲೇ, 1935ರಲ್ಲಿ, ಅವರ ಸಂಶೋಧನಾಲಯದ ಅಂಗಳದಲ್ಲಿ ನಾಯಿಗೊಂದು ಸ್ಮಾರಕವನ್ನು ನಿಲ್ಲಿಸಲಾಯಿತು. ಮರುವರ್ಷದ ಫೆಬ್ರವರಿಯಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮನುಷ್ಯನ ಕಲಿಕೆಯೆಲ್ಲವೂ ಇಷ್ಟರಲ್ಲೇ ಮುಗಿಯುವುದಿಲ್ಲ, ನಿಜ. ಆದರೂ ತಮ್ಮ ತಂಗಿಯರಿಗೆ ಅಕ್ಷರ ಹೇಳಿಕೊಡಲು ಕುಳಿತಾಗ ನಾವು ಪಾವ್ಲೋವರನ್ನು ನೆನೆಯಬೇಕು. ಪುಸ್ತಕದೊಡನೆ ಬೈಗುಳವನ್ನು ಕೂಡಿಸಿದೆವಾದರೆ, ನಾಳೆ ಪುಸ್ತಕವನ್ನು ಕಂಡೇ ಆ ಮಕ್ಕಳು ಹೆದರಿಯಾರು.