ಕಿಟ್ಟೆಲ್ ಪಾದ್ರಿಗಳ ಏಕಾಂತವೂ ಅದರ ಫಲವೂ

ಕನ್ನಡನಾಡಿನಲ್ಲಿ ಕರ್ತನ ಸೇವೆ ಮಾಡಿದವರೊಳಗೆ ಫರ್ಡಿನಂಡ್ ಕಿಟ್ಟೆಲ್ ಪಾದ್ರಿಗಳ ಹೆಸರನ್ನು ಕೇಳದವರು ವಿರಳ. ಅವರು ರಚಿಸಿದ ನಿಘಂಟನ್ನು ಎಲ್ಲಾ ಮತದ ವಿದ್ವಾಂಸರೂ ಗೌರವದಿಂದ ಕಾಣುತ್ತಾರೆ. ಆದರೆ ಆ ಮಹಾಗ್ರಂಥವು ಎಷ್ಟು ವರುಷಗಳ ಮೌನದೊಳಗಿಂದ ಹುಟ್ಟಿತೆಂಬುದನ್ನು ಆಲೋಚಿಸುವವರು ಕಡಿಮೆ. ಕೆಲಸದ ಗಲಭೆಯಲ್ಲಿ ಮುಳುಗಿರುವ ನಮಗೆ ಅದು ತಿಳಿಯತಕ್ಕ ಸಂಗತಿಯಾಗಿದೆ.

ಅವರು 1832ನೇ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದ ಉತ್ತರ ಸೀಮೆಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಒಬ್ಬ ಪಾದ್ರಿಯ ಮಗನಾಗಿ ಜನಿಸಿದರು. ಬಾಸೆಲ್ ಪಟ್ಟಣದ ಮಿಶನ್ ಸೆಮಿನರಿಯಲ್ಲಿ ಅಭ್ಯಾಸ ಮುಗಿಸಿ, 1853ರಲ್ಲಿ ನಮ್ಮ ದೇಶಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಸೇವೆಮಾಡಿದರು. ಆ ದಿವಸಗಳಲ್ಲಿ ಮಿಶನೆರಿಯಾದವನಿಗೆ ಕೆಲಸದ ಕೊನೆಯೆಂಬುದೇ ಇರಲಿಲ್ಲ. ಸಂತೆ ಜಾತ್ರೆಗಳಲ್ಲಿ ಸುವಾರ್ತೆ ಸಾರುವದು, ಶಾಲೆ ನಡಿಸುವದು, ಅಚ್ಚುಕೂಟದ ಕೆಲಸ ನೋಡುವದು, ಸಭೆಯ ಲೆಕ್ಕ ಬರೆಯುವದು, ರೋಗಿಗಳನ್ನು ಸಂಧಿಸುವದು, ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇತ್ತು.

ಕಿಟ್ಟೆಲರಾದರೋ ಜನರ ಭಾಷೆಯನ್ನು ಬೇರಿನಿಂದ ಅರಿಯದೆ ಜನರ ಹೃದಯವನ್ನು ಮುಟ್ಟಲಾಗದೆಂದು ಕಂಡುಕೊಂಡರು. ಆದಕಾರಣ ಹಳೇ ಓಲೆಗರಿಗಳ ಮುಂದೆ ಕೂತು, ಒಂದೊಂದು ಪದ್ಯವನ್ನೂ ಬಿಡಿಸಿ ಓದುವದಕ್ಕೆ ಸಮಯವನ್ನು ಪ್ರತ್ಯೇಕಿಸಿದರು. ಇದು ಎಲ್ಲರಿಗೂ ಮೆಚ್ಚಿಕೆಯಾಗಲಿಲ್ಲ. ಆತ್ಮಗಳನ್ನು ಗೆಲ್ಲಬೇಕಾದವನು ಪುಸ್ತಕಗಳೊಳಗೆ ಕಾಲ ಕಳೆಯುವದು ಸರಿಯೋ ಎಂಬ ಸಂದೇಹವು ಮಿಶನಿನೊಳಗೇ ಇತ್ತು. ಈ ಸಂದೇಹವನ್ನು ನಾವು ಹಗುರವಾಗಿ ತಳ್ಳಿಬಿಡಬಾರದು. ಏಕಾಂತವನ್ನು ಹುಡುಕುವವನು ಸೋಮಾರಿಯೋ, ಜನರನ್ನು ಬಿಟ್ಟು ಓಡುವವನೋ ಎಂದು ಪರೀಕ್ಷಿಸುವದು ನ್ಯಾಯವೇ. ಫಲದಿಂದಲೇ ಮರದ ಗುಣ ತಿಳಿಯಬೇಕಷ್ಟೆ.

ಅವರ ಬಾಳಿನಲ್ಲಿ ದುಃಖವೂ ಇತ್ತು. 1860ರಲ್ಲಿ ಪೌಲೀನಾ ಎಂಬಾಕೆಯನ್ನು ವಿವಾಹವಾದರು. ಆಕೆ 1864ರಲ್ಲಿ ತೀರಿಕೊಂಡರು. ಮೂರು ವರುಷದ ಮೇಲೆ ಆಕೆಯ ತಂಗಿ ಯೂಲಿಯಾರನ್ನು ವಿವಾಹವಾದರು. ಇಂಥ ಏರುಪೇರುಗಳ ನಡುವೆಯೂ ಕೆಲಸ ನಿಲ್ಲಲಿಲ್ಲ. ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹೇಳುವ ಕಥಾಮಾಲೆಯು 1862ರಲ್ಲಿ ಹೊರಟಿತ್ತು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ತಿದ್ದಿ ಅಚ್ಚುಮಾಡಿಸಿದರು.

ಇವೆಲ್ಲಕ್ಕಿಂತ ದೊಡ್ಡದು ನಿಘಂಟಿನ ಕೆಲಸ. ಲಂಡನ್ ಮಿಶನಿನ ರೀವ್ ಪಾದ್ರಿಗಳ ಕನ್ನಡ ನಿಘಂಟು ಕಿಟ್ಟೆಲರು ಹುಟ್ಟಿದ 1832ರಲ್ಲಿಯೇ ಹೊರಟಿದ್ದರೂ, ಹಳಗನ್ನಡದ ಸಂಪತ್ತು ಬಹುಭಾಗ ಹೊರಗೇ ಉಳಿದಿತ್ತು. ಕಿಟ್ಟೆಲರು ಕಾವ್ಯಗಳಿಂದಲೂ ಶಾಸನಗಳಿಂದಲೂ ಗಾದೆಗಳಿಂದಲೂ ಸಾಮಾನ್ಯ ಜನರ ಬಾಯಿಂದಲೂ ಶಬ್ದಗಳನ್ನು ಕೂಡಿಸಿದರು. ನಮ್ಮ ಯಳಂದೂರಿನಲ್ಲಿ ಬಾಳಿದ ಷಡಕ್ಷರಿ ಕವಿಯ ರಾಜಶೇಖರವಿಲಾಸದ ಮಾತುಗಳೂ ಅದರಲ್ಲಿ ಸೇರಿವೆ. ಕೂಡಿಸುವದಕ್ಕೆ ಜನರ ನಡುವೆ ಹೋಗಲೇ ಬೇಕು. ಆದರೆ ಶಬ್ದದ ಧಾತು ಯಾವದು, ತಮಿಳು ತೆಲುಗಿನಲ್ಲಿ ಅದರ ನಂಟರು ಯಾರು, ಯಾವ ಅರ್ಥ ಮೊದಲಿನದು ಎಂದು ತೂಗಿನೋಡುವದಕ್ಕೆ ಒಂಟಿಯಾಗಿ ಕೂರಲೇ ಬೇಕು. ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹೋದಾಗಲೂ ಈ ಕೆಲಸವನ್ನು ಬಿಡದೆ, ತಿರಿಗಿ ಬಂದು ಮುಂದುವರಿಸಿದರು. ಕಡೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಸುಮಾರು 70,000 ಶಬ್ದಗಳ ನಿಘಂಟು ಹೊರಬಂತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಒಬ್ಬನ ಕೋಣೆಯೊಳಗೆ ನಡೆದ ಕೆಲಸವು ಒಂದು ನಾಡಿಗೇ ಸೊತ್ತಾಯಿತು.

ನಮಗೆ ನಿಘಂಟು ಬರೆಯುವ ಕರೆ ಇಲ್ಲದಿರಬಹುದು. ಏಕಾಂತದ ಅವಶ್ಯವು ಮಾತ್ರ ಎಲ್ಲರಿಗೂ ಉಂಟು. ಕಪೆರ್ನೌಮಿನಲ್ಲಿ ಊರೆಲ್ಲಾ ಬಾಗಲಿಗೆ ಬಂದು ಕೂಡಿದ ಸಂಜೆಯ ಮರುದಿನ, ನಮ್ಮ ಸ್ವಾಮಿಯು ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಶಿಷ್ಯರು ಹುಡುಕಿಕೊಂಡು ಬಂದಾಗ ಅಲ್ಲಿಯೇ ನಿಲ್ಲದೆ, ಎದ್ದು ಮುಂದಿನ ಊರುಗಳಿಗೆ ಹೊರಟನು. ಹೊಸ ಬಲದಿಂದ ಜನರ ಬಳಿಗೆ ಕಳುಹಿಸುವ ಏಕಾಂತವೇ ನಿಜವಾದದ್ದು.

ಕೊಳ್ಳೇಗಾಲದ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರು ಇದನ್ನು ಸುಲಭವಾಗಿ ತಿಳಿಯಬಲ್ಲರು. ಹಗಲಿರುಳು ಸೊಪ್ಪು ತಿನ್ನುವ ಹುಳುವು ನಾಲ್ಕು ಸಾರಿ ಜ್ವರಕ್ಕೆ ಕೂರುತ್ತದೆ. ಆಗ ತಿನ್ನದು, ಅಲುಗದು, ಸತ್ತಂತೆ ತಲೆಯೆತ್ತಿಕೊಂಡಿರುತ್ತದೆ. ತಿಳಿದ ಸಾಕಣೆಗಾರನು ಆ ಹೊತ್ತಿನಲ್ಲಿ ಸೊಪ್ಪು ಹಾಕುವದೂ ಇಲ್ಲ, ಮುಟ್ಟುವದೂ ಇಲ್ಲ. ಹಳೇ ಪೊರೆ ಕಳಚುವದು ಆಗಲೇ. ಆ ನಿಶ್ಚಲತೆಯನ್ನು ಕೆಡಿಸಿದರೆ ಗೂಡೂ ಕೆಡುವದು.

ಹನೂರಿನ ಹೊಲಗಳಲ್ಲಿ ದುಡಿಯುವವರಾಗಲಿ, ಒಲೆಯ ಮುಂದೆ ಬಿಡುವಿಲ್ಲದ ತಾಯಂದಿರಾಗಲಿ, ದಿನಕ್ಕೆ ಕಾಲುಗಂಟೆಯನ್ನು ಪ್ರತ್ಯೇಕಿಸಬಹುದು. ಕೈಯಲ್ಲಿರುವ ಮೊಬೈಲನ್ನು ಮನೆಯಲ್ಲಿಟ್ಟು, ತೋಟದ ಬದುವಿನ ಮೇಲೆ, ಇಲ್ಲವೆ ಗಂಟೆ ಹೊಡೆಯುವ ಮೊದಲು ದೇವಾಲಯದ ಮೂಲೆಯಲ್ಲಿ ಕೂರೋಣ. ಮನೆಯವರು ಹಾಗೆ ಕೂತಾಗ ಅವರನ್ನು ಕರೆಯದಿರುವದೂ ಒಂದು ಪ್ರೀತಿಯ ಕೆಲಸವೇ. ಅಲ್ಲಿಂದ ಎದ್ದುಬಂದಾಗ ನೆರೆಯವರೊಂದಿಗೆ ನಮ್ಮ ಮಾತು ಸ್ವಲ್ಪ ಮೃದುವಾಗಿದ್ದರೆ, ಆ ಹೊತ್ತು ವ್ಯರ್ಥವಾಗಲಿಲ್ಲವೆಂದು ತಿಳಿಯೋಣ.