ಮೆದುಳನ್ನು ತೂಗಲು ಹೊರಟ ಮೊಸ್ಸೊ

ಮಕ್ಕಳೇ, ಎಂಟನ್ನು ಹನ್ನೆರಡರಿಂದ ಗುಣಿಸಿರಿ. ಬೆರಳು ಮಡಚಬೇಡಿರಿ, ಮನಸ್ಸಿನಲ್ಲಿಯೇ ಮಾಡಿರಿ. ಉತ್ತರ ಬಂದಿತಲ್ಲವೇ? ಆಗ ನಿಮ್ಮ ತಲೆಯೊಳಗೆ ಏನು ನಡೆಯಿತು? ಕೈ ಕೆಲಸ ಮಾಡಿದರೆ ಕಣ್ಣಿಗೆ ಕಾಣುತ್ತದೆ. ಕಾಲು ನಡೆದರೂ ಕಾಣುತ್ತದೆ. ಮೆದುಳು ಕೆಲಸ ಮಾಡುವುದು ಮಾತ್ರ ಕಾಣುವುದಿಲ್ಲ. ಅದು ಗಟ್ಟಿಯಾದ ತಲೆಬುರುಡೆಯೊಳಗೆ ಅಡಗಿದೆ. ಬದುಕಿರುವ ಮನುಷ್ಯನ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವನಿಗೆ ನೋವಾಗದಂತೆ ತಿಳಿಯಲು ಹೊರಟ ಮೊದಲಿಗರಲ್ಲಿ ಆಂಜೆಲೊ ಮೊಸ್ಸೊ ಒಬ್ಬರು.

ಮೊಸ್ಸೊ ಅವರು 1846ರ ಮೇ 30ರಂದು ಇಟಲಿ ದೇಶದ ಟ್ಯೂರಿನ್ ನಗರದಲ್ಲಿ ಜನಿಸಿದರು. ತಂದೆ ಬಡಗಿ. ಮನೆಯಲ್ಲಿ ಬಡತನವಿತ್ತು. ಟ್ಯೂರಿನ್‌ಗೆ ಹತ್ತಿರದ ಕಿಯೇರಿ ಎಂಬ ಊರಿನಲ್ಲಿ ಬೆಳೆದ ಬಾಲಕನು ಉಳಿ, ಗರಗಸ, ಹಲಗೆಗಳ ನಡುವೆಯೇ ದೊಡ್ಡವನಾದನು. ಮರದ ಕೆಲಸದ ಈ ಪರಿಚಯ ಮುಂದೆ ಅವರಿಗೆ ಉಪಯೋಗಕ್ಕೆ ಬಂದಿರಲೇಬೇಕು. ಕಷ್ಟಪಟ್ಟು ಓದಿ 1870ರಲ್ಲಿ ವೈದ್ಯರಾದರು. ಜರ್ಮನಿಯ ಲೈಪ್‌ಜಿಗ್ ನಗರಕ್ಕೆ ಹೋಗಿ ಕಾರ್ಲ್ ಲುಡ್ವಿಗ್ ಎಂಬ ಹೆಸರಾಂತ ಗುರುಗಳ ಬಳಿ ಕಲಿತರು. 1879ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾದರು.

ನೀವು ಹಸುಗೂಸಿನ ನೆತ್ತಿಯನ್ನು ನೋಡಿದ್ದೀರಾ? ಅಲ್ಲಿ ಮೆತ್ತಗಿನ ಜಾಗವೊಂದು ಮೆಲ್ಲಗೆ ಮಿಡಿಯುತ್ತಿರುತ್ತದೆ. ಮಗುವಿನ ಬುರುಡೆ ಅಲ್ಲಿ ಇನ್ನೂ ಕೂಡಿಕೊಂಡಿರುವುದಿಲ್ಲ. ಹೃದಯ ಬಡಿದಂತೆಲ್ಲ ಮೆದುಳಿಗೆ ರಕ್ತ ಹರಿದು ಅದು ಮಿಡಿಯುತ್ತದೆ. ದೊಡ್ಡವರ ತಲೆಯಲ್ಲಿ ಇದು ಕಾಣದು. ಆದರೆ ಮೊಸ್ಸೊ ಅವರಿಗೆ ಬರ್ಟಿನೊ ಎಂಬ ರೈತನ ಪರಿಚಯವಾಯಿತು. ತಲೆಗೆ ಪೆಟ್ಟು ಬಿದ್ದು ಅವನ ಬುರುಡೆಯ ಮೂಳೆ ಒಂದು ಕಡೆ ಇಲ್ಲವಾಗಿತ್ತು. ಅಲ್ಲಿ ಚರ್ಮದ ಕೆಳಗೆ ಮೆದುಳು ಮಿಡಿಯುತ್ತಿತ್ತು.

ಮೊಸ್ಸೊ ಆ ಜಾಗದ ಮೇಲೆ ಒಂದು ಮುಚ್ಚಳದಂತಹ ಸಾಧನವನ್ನು ಇಟ್ಟರು. ಅದರಿಂದ ಒಂದು ಕೊಳವೆ ಹೊರಟು ಸಣ್ಣ ಕಡ್ಡಿಗೆ ಸೇರಿತ್ತು. ಮೆದುಳು ಮಿಡಿದಂತೆ ಕಡ್ಡಿ ಮೇಲೆ ಕೆಳಗೆ ಆಡಿ, ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ಗೆರೆ ಎಳೆಯುತ್ತಿತ್ತು. ಮುಂಗೈಯಲ್ಲಿ ಹರಿಯುವ ರಕ್ತಕ್ಕೂ ಇಂತಹದೇ ಏರ್ಪಾಡು ಮಾಡಿದರು. ಇದೇಕೆ ಎಂದು ಯೋಚಿಸಿದಿರಾ? ಓಡಿ ಬಂದರೆ ಮೈಯೆಲ್ಲ ರಕ್ತ ಜೋರಾಗಿ ಹರಿಯುತ್ತದೆ. ಮೆದುಳಿನಲ್ಲಿ ಮಾತ್ರ ಬದಲಾವಣೆ ಆಯಿತೋ, ಮೈಯಲ್ಲೆಲ್ಲ ಆಯಿತೋ ಎಂದು ತಿಳಿಯಬೇಕಲ್ಲವೇ?

ಒಂದು ದಿನ ಮಧ್ಯಾಹ್ನ ಹನ್ನೆರಡು ಗಂಟೆಯಾಯಿತು. ಚರ್ಚಿನ ಗಂಟೆ ಬಾರಿಸಿತು. ಬರ್ಟಿನೊ ಸುಮ್ಮನೆ ಇದ್ದನು. ಆದರೂ ಕಾಗದದ ಮೇಲೆ ಮೆದುಳಿನ ಗೆರೆ ಎತ್ತರಕ್ಕೆ ಏರಿತು! ಕೈಯ ಗೆರೆ ಹಾಗೆಯೇ ಇತ್ತು. ಗುಡಿಯ ಗಂಟೆ ಕೇಳಿದೊಡನೆ ನಮ್ಮ ಅಜ್ಜಿಯರು ಕೈ ಮುಗಿಯುವುದಿಲ್ಲವೇ? ಅಲ್ಲಿಯೂ ಆ ಹೊತ್ತು ಪ್ರಾರ್ಥನೆಯ ಹೊತ್ತು. ಪ್ರಾರ್ಥನೆಯ ನೆನಪಾಯಿತೇ ಎಂದು ಮೊಸ್ಸೊ ಕೇಳಿದರು. ಬರ್ಟಿನೊ ಹೌದೆಂದನು. ಬಳಿಕ ಅವನಿಗೆ ಒಂದು ಲೆಕ್ಕ ಕೊಟ್ಟರು. ಅದು ನೀವು ಈಗ ಮಾಡಿದ ಎಂಟು ಹನ್ನೆರಡರ ಲೆಕ್ಕವೇ. ಮತ್ತೆ ಗೆರೆ ಏರಿತು. ಯೋಚಿಸುವಾಗ ಮೆದುಳಿಗೆ ಹೆಚ್ಚು ರಕ್ತ ಹರಿಯುತ್ತದೆ ಎಂಬುದು ಹೀಗೆ ಗೆರೆಯಾಗಿ ಕಂಡಿತು.

ಆದರೆ ಬುರುಡೆ ಒಡೆದವರು ಎಷ್ಟು ಜನ ಸಿಗುತ್ತಾರೆ? ಸಿಗಲಿ ಎಂದು ಬಯಸುವುದೂ ತಪ್ಪು. ಆರೋಗ್ಯವಂತರ ಮೆದುಳನ್ನು ಅರಿಯಲು ಬೇರೆ ದಾರಿ ಬೇಕಾಗಿತ್ತು. ಆಗ ಮೊಸ್ಸೊ ಅವರಿಗೆ ಹೊಳೆದದ್ದು ತಕ್ಕಡಿ.

ಗದ್ವಾಲದ ಮಾರುಕಟ್ಟೆಯಲ್ಲಿ ಶೇಂಗಾ ತೂಗುವುದನ್ನು ನೀವು ನೋಡಿರಬಹುದು. ಮೊಸ್ಸೊ ಅವರ ತಕ್ಕಡಿಗೆ ತಟ್ಟೆಗಳಿರಲಿಲ್ಲ. ಮನುಷ್ಯ ಮಲಗುವಷ್ಟು ಉದ್ದದ ಮರದ ಹಲಗೆ, ನಡುವೆ ಆಧಾರ. ಏತದ ಹಲಗೆಯಂತೆ ಎರಡೂ ಕಡೆ ಬಾಗುತ್ತಿತ್ತು. ಅದರ ಮೇಲೆ ಒಬ್ಬರನ್ನು ಮಲಗಿಸಿ, ತಲೆಯ ಕಡೆ ಮತ್ತು ಕಾಲಿನ ಕಡೆ ತೂಕ ಸಮವಾಗುವಂತೆ ಹೊಂದಿಸುತ್ತಿದ್ದರು. ಆಮೇಲೆ ಅವರಿಗೆ ಓದಲು ಅಥವಾ ಯೋಚಿಸಲು ಏನಾದರೂ ಕೊಡುತ್ತಿದ್ದರು. ಮೆದುಳಿಗೆ ರಕ್ತ ಹೆಚ್ಚಾಗಿ ಹರಿದರೆ ತಲೆಯ ಕಡೆ ತುಸು ಬಾಗಬೇಕು. ಎಷ್ಟು ಸರಳ! ಆದರೆ ಕಷ್ಟವೂ ಇತ್ತು. ಉಸಿರಾಡಿದರೂ ಹಲಗೆ ತೂಗಾಡುತ್ತಿತ್ತು. ಮೆದುಳಿನ ಯಾವ ಭಾಗ ಕೆಲಸ ಮಾಡಿತು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. 2014ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಇಂತಹದೇ ತಕ್ಕಡಿಯನ್ನು ಇಂದಿನ ಸಾಧನಗಳಿಂದ ಮಾಡಿ ಪರೀಕ್ಷಿಸಿದರು. ಮಲಗಿದವರಿಗೆ ಶಬ್ದ ಕೇಳಿಸಿದಾಗ ತಲೆಯ ಕಡೆ ಭಾರ ಅತಿ ಸ್ವಲ್ಪ ಹೆಚ್ಚಿತು.

ಮೊಸ್ಸೊ ದಣಿವನ್ನೂ ಅಳೆದರು. ಬೆರಳಿನಿಂದ ತೂಕವನ್ನು ಮತ್ತೆ ಮತ್ತೆ ಎಳೆಯುವ ಯಂತ್ರವೊಂದನ್ನು ಮಾಡಿದರು. ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಬಂದ ಅಧ್ಯಾಪಕರ ಬೆರಳು ಬೇಗನೆ ಸೋತಿತು. ಪರೀಕ್ಷೆಯಲ್ಲಿ ದಣಿಯುವವರು ನೀವು ಮಾತ್ರ ಅಲ್ಲ! 4,554 ಮೀಟರ್ ಎತ್ತರದ ಹಿಮದ ಶಿಖರದ ಮೇಲೆ ಉಳಿದು, ಅಲ್ಲಿ ಉಸಿರಾಟ ಹೇಗೆ ಬದಲಾಗುತ್ತದೆ ಎಂಬುದನ್ನೂ ಅಭ್ಯಾಸ ಮಾಡಿದರು. 1910ರ ನವೆಂಬರ್ 24ರಂದು ಅವರು ತೀರಿಕೊಂಡರು.

ನಮ್ಮ ಧರೂರಿನ ಬಳಿಯ ಜೂರಾಲ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಡುವುದನ್ನು ನೀವು ಬಲ್ಲಿರಿ. ಯಾವ ಹೊಲಕ್ಕೆ ನೀರು ಬೇಕೋ ಆ ಕಡೆಯ ತೂಬು ತೆರೆಯುತ್ತಾರೆ. ಮೆದುಳಿನಲ್ಲಿಯೂ ಹೀಗೆಯೇ. ನೋಡುವಾಗ ಒಂದು ಭಾಗಕ್ಕೆ, ಮಾತನಾಡುವಾಗ ಇನ್ನೊಂದು ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. 1990ರಲ್ಲಿ ಸೇಜಿ ಒಗಾವಾ ಎಂಬ ಜಪಾನಿನ ವಿಜ್ಞಾನಿ, ರಕ್ತದಲ್ಲಿನ ಆಮ್ಲಜನಕದ ಬದಲಾವಣೆಯನ್ನು ಎಂ.ಆರ್.ಐ. ಯಂತ್ರದಿಂದ ಕಾಣಬಹುದೆಂದು ತೋರಿಸಿದರು. ಈ ಯಂತ್ರದಲ್ಲಿ ದೊಡ್ಡ ಅಯಸ್ಕಾಂತವಿರುತ್ತದೆ. ತಲೆಬುರುಡೆಯನ್ನು ತೆರೆಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಚಿತ್ರಗಳ ಸಹಾಯದಿಂದ ಮೆದುಳಿನ ಅಧ್ಯಯನ ನಡೆಯುತ್ತದೆ. ಯಂತ್ರದೊಳಗೆ ಮಲಗಿದವರು ತಲೆ ಅಲುಗಿಸಬಾರದು, ಅಲುಗಿಸಿದರೆ ಚಿತ್ರ ಕೆಡುತ್ತದೆ. ಮೊಸ್ಸೊ ಅವರ ಹಲಗೆಯ ಮೇಲೆ ಮಲಗಿದವರೂ ಹೀಗೆಯೇ ಮಿಸುಕದೆ ಇರಬೇಕಾಗಿತ್ತು.