ಚೆನ್ನಬಸವಣ್ಣ

ಚೆನ್ನಬಸವಣ್ಣನವರು ೧೨ನೆಯ ಶತಮಾನದ ಶಿವಶರಣರು ಮತ್ತು ವಚನಕಾರರು. ಬಸವಣ್ಣನವರ ಸೋದರಳಿಯ. ಷಟ್‌ಸ್ಥಲ ಸಿದ್ಧಾಂತವನ್ನು ಕ್ರಮಬದ್ಧವಾಗಿ ನಿರೂಪಿಸಿದ್ದರಿಂದ ಷಟ್‌ಸ್ಥಲ ಚಕ್ರವರ್ತಿ ಎಂದೂ ಅವಿರಳಜ್ಞಾನಿ ಎಂದೂ ಪ್ರಸಿದ್ಧರಾಗಿದ್ದಾರೆ. ಕಲ್ಯಾಣದಲ್ಲಿ ಶರಣರ ಮೇಲೆ ಹಿಂಸಾಚಾರ ನಡೆದಾಗ ಶರಣರ ಒಂದು ತಂಡವನ್ನೂ ವಚನಗಳ ಕಟ್ಟುಗಳನ್ನೂ ಉಳವಿಗೆ ಕರೆದೊಯ್ದವರು ಇವರೆಂಬುದು ಪರಂಪರೆಯ ನಂಬಿಕೆ.

ಜೀವನ

ಚೆನ್ನಬಸವಣ್ಣನವರ ತಾಯಿ ಬಸವಣ್ಣನವರ ಅಕ್ಕ ನಾಗಲಾಂಬಿಕೆ (ಅಕ್ಕನಾಗಮ್ಮ). ಬಾಲ್ಯದಿಂದಲೇ ಶರಣರ ನಡುವೆ ಬೆಳೆದ ಇವರು ಎಳೆಯ ವಯಸ್ಸಿನಲ್ಲಿಯೇ ಅನುಭವ ಮಂಟಪದ ಚರ್ಚೆಗಳಲ್ಲಿ ಪ್ರಮುಖ ಸ್ಥಾನ ಪಡೆದರು. ಅಲ್ಲಮಪ್ರಭುವಿನ ನಂತರ ಶೂನ್ಯಸಿಂಹಾಸನದ ಪೀಠಾಧ್ಯಕ್ಷರಾದರು. ಇವರ ವಚನಗಳ ಅಂಕಿತ ಕೂಡಲಚೆನ್ನಸಂಗಮದೇವ. ಕರಣಹಸಿಗೆ, ಮಿಶ್ರಾರ್ಪಣ ಮತ್ತು ಮಂತ್ರಗೋಪ್ಯ ಎಂಬ ಕೃತಿಗಳು ಇವರ ಹೆಸರಿನಲ್ಲಿವೆ.

ಕಲ್ಯಾಣದ ಹಿಂಸಾಚಾರ

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹ ನಡೆಯಿತು. ಶರಣರ ದೃಷ್ಟಿಯಲ್ಲಿ ಇಬ್ಬರೂ ಲಿಂಗವಂತರಾದ್ದರಿಂದ ಇಲ್ಲಿ ಕುಲಭೇದವಿರಲಿಲ್ಲ. ಸಂಪ್ರದಾಯವಾದಿಗಳು ಇದನ್ನು ವರ್ಣಸಂಕರವೆಂದು ಕಳಚುರಿ ಅರಸ ಬಿಜ್ಜಳನಿಗೆ ದೂರಿತ್ತರು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆ, ಎಂದರೆ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಮರಣದಂಡನೆ, ವಿಧಿಸಲಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಬಳಿಕ ಬಿಜ್ಜಳನು ಜಗದೇವ ಮೊದಲಾದವರಿಂದ ಹತನಾದನೆಂದೂ ಅರಸನ ಸೈನ್ಯ ಶರಣರನ್ನು ಬೆನ್ನಟ್ಟಿತೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ೧೧೬೭ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿದು ಅವನ ಮಗ ಸೋವಿದೇವನು ಪಟ್ಟಕ್ಕೆ ಬಂದನು. ಘಟನೆಗಳ ವಿವರಗಳಿಗೆ ಮುಖ್ಯ ಆಧಾರ ಶತಮಾನಗಳ ನಂತರ ರಚಿತವಾದ ಕಾವ್ಯ ಪುರಾಣಗಳೇ ಆದ್ದರಿಂದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ.

ಉಳವಿಯತ್ತ

ಕಲ್ಯಾಣವನ್ನು ತೊರೆದ ಶರಣರು ಹಲವು ದಿಕ್ಕುಗಳಿಗೆ ಚದುರಿದರು. ಒಂದು ತಂಡ ಚೆನ್ನಬಸವಣ್ಣನವರ ನೇತೃತ್ವದಲ್ಲಿ ಪಶ್ಚಿಮಕ್ಕೆ ಸಾಗಿತು. ಅಕ್ಕನಾಗಮ್ಮ, ಮಡಿವಾಳ ಮಾಚಿದೇವ, ಡೋಹರ ಕಕ್ಕಯ್ಯ, ಕಿನ್ನರಿ ಬೊಮ್ಮಯ್ಯ ಮೊದಲಾದವರು ಈ ಪಯಣದಲ್ಲಿದ್ದರೆಂದು ಪ್ರತೀತಿ. ಮಲಪ್ರಭಾ ತೀರದ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾದಾಟ ನಡೆಯಿತೆಂದು ಸ್ಥಳೀಯ ಐತಿಹ್ಯವಿದೆ. ಖಾನಾಪುರ ತಾಲ್ಲೂಕಿನ ಕಕ್ಕೇರಿಯು ಕಕ್ಕಯ್ಯನವರು ಐಕ್ಯರಾದ ಸ್ಥಳವೆಂದು ಪ್ರಸಿದ್ಧವಾಗಿದೆ. ಉಳಿದವರು ಸಹ್ಯಾದ್ರಿಯ ದಟ್ಟ ಕಾಡಿನ ನಡುವಿನ ಉಳವಿಯನ್ನು ತಲುಪಿದರು. ಚೆನ್ನಬಸವಣ್ಣನವರು ಕಿರಿವಯಸ್ಸಿನಲ್ಲಿಯೇ ಅಲ್ಲಿ ಲಿಂಗೈಕ್ಯರಾದರು.

ಪರಿಣಾಮ ಮತ್ತು ಸ್ಮರಣೆ

ಚದುರಿಕೆಯಿಂದ ಅನುಭವ ಮಂಟಪದ ಸಾಮೂಹಿಕ ಜೀವನ ಕೊನೆಗೊಂಡಿತು. ಅನೇಕ ವಚನಗಳು ನಷ್ಟವಾದವು. ಉಳಿದವು ಮಠಗಳಲ್ಲಿ, ಮನೆಗಳಲ್ಲಿ ತಾಳೆಗರಿಗಳ ರೂಪದಲ್ಲಿ ಉಳಿದುಕೊಂಡವು. ೧೫ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅವುಗಳ ಸಂಕಲನಕ್ಕೆ ಮತ್ತೆ ಚಾಲನೆ ದೊರೆಯಿತು. ಶೂನ್ಯಸಂಪಾದನೆಯೂ ಆ ಶತಮಾನದ್ದೇ. ವಿರೂಪಾಕ್ಷ ಪಂಡಿತನು ೧೫೮೪ರಲ್ಲಿ ಚೆನ್ನಬಸವ ಪುರಾಣವನ್ನು ರಚಿಸಿದನು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಸಮಗ್ರ ವಚನಗಳನ್ನು ೧೫ ಸಂಪುಟಗಳಲ್ಲಿ ಹೊರತಂದಿತು.

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಚೆನ್ನಬಸವೇಶ್ವರ ದೇವಾಲಯವಿದೆ. ಮಾಘಮಾಸದ ಭಾರತ ಹುಣ್ಣಿಮೆಯ ಸಮಯದಲ್ಲಿ ಇಲ್ಲಿ ನಡೆಯುವ ಜಾತ್ರೆಗೆ ಬೆಳಗಾವಿ, ಧಾರವಾಡ ಭಾಗಗಳ ರೈತರು ಚಕ್ಕಡಿಗಳಲ್ಲಿ ಬರುತ್ತಾರೆ. ಶರಣರನ್ನು ಹೊರದೂಡಿದ ಕಲ್ಯಾಣವು ಈಗ ಬಸವಕಲ್ಯಾಣವೆಂಬ ಹೆಸರಿನಿಂದ ಅವರ ಸ್ಮರಣೆಯ ಕೇಂದ್ರವಾಗಿದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಬಸವೇಶ್ವರನಗರವೆಂಬ ಬಡಾವಣೆಯೂ ಇದೆ.